‘ವೆಲ್ಶ್’ ಮತ್ತು ‘ಕಾಪೆಲ್’: ಕನ್ನಡದಲ್ಲಿ ಹೇಗೆ ಹೇಳೋಣ?

ಎಲ್ಲರಿಗೂ ನಮಸ್ಕಾರ.

ವೇಲ್ಸ್ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಮೊದಲನೆಯದು ‘ವೆಲ್ಶ್’. ಇದು ವೇಲ್ಸಿನವರು ತಮಗೆ ಇಟ್ಟುಕೊಂಡ ಹೆಸರಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಹೊರಗಿನವ’ ಎಂಬ ಅರ್ಥವಿದ್ದ ಪದದಿಂದ ಬಂದದ್ದು. ಅವರು ತಮ್ಮನ್ನು ‘ಕಮ್ರಿ’ ಅನ್ನುತ್ತಾರೆ, ಅಂದರೆ ಮೂಲದಲ್ಲಿ ‘ಒಂದೇ ನಾಡಿನವರು’. ಅವರ ನುಡಿ ‘ಕಮ್ರಾಯ್ಗ್’. ನಾಡಿಗೆ ಸೇರಿದ್ದೆಲ್ಲ ‘ಕಮ್ರೇಯ್ಗ್’. ವೇಲ್ಸಿನವರೊಬ್ಬರು ಇಂಗ್ಲಿಷಿನಲ್ಲಿ ಬರೆದ ಕವಿತೆ ಕಮ್ರೇಯ್ಗ್ ಆಗಬಹುದು, ಕಮ್ರಾಯ್ಗ್ ಆಗುವುದಿಲ್ಲ. 2021ರ ಜನಗಣತಿಯ ಪ್ರಕಾರ ಆ ನುಡಿ ಬಲ್ಲವರು ಶೇ. 17.8 ಮಾತ್ರ. ನುಡಿ ಬಾರದವನೂ ಪೂರ್ತಿ ವೇಲ್ಸಿನವನೇ ಅಲ್ವಾ ಎಂಬ ಹಳೆಯ ತಕರಾರು ಈ ಎರಡು ಪದಗಳ ನಡುವೆಯೇ ಇದೆ. ಎರಡಕ್ಕೂ ‘ವೆಲ್ಶ್’ ಅಂದರೆ ಅದು ಕಾಣಿಸುವುದೇ ಇಲ್ಲ. ‘ಕವಿರಾಜಮಾರ್ಗ’ದಲ್ಲಿ ನಾಡಿಗೂ ನುಡಿಗೂ ‘ಕನ್ನಡ’ ಒಂದೇ ಪದ, ಹಾಗಾಗಿ ನಮಗೆ ಈ ಬೇರೆತನ ಬೇಗ ಹೊಳೆಯುವುದಿಲ್ಲವೇನೋ. ಸದ್ಯಕ್ಕೆ ‘ವೆಲ್ಶ್ ನುಡಿಯ’, ‘ವೇಲ್ಸ್ ನಾಡಿನ’ ಎಂದು ಬರೆದಿದ್ದೇನೆ.

ಎರಡನೆಯದು ನಿಜಕ್ಕೂ ಕಷ್ಟ. ಆಂಗ್ಲಿಕನ್ ಚರ್ಚಿಗೆ, ಅಂದರೆ ಹಿಂದೆ ಸರ್ಕಾರದ ಮನ್ನಣೆಯಿದ್ದ ಚರ್ಚಿಗೆ, ಅವರು ‘ಎಗ್ಲುಯ್ಸ್’ ಅನ್ನುತ್ತಾರೆ. ಅದರಿಂದ ಹೊರಗಿದ್ದ ಮೆಥಡಿಸ್ಟ್, ಬ್ಯಾಪ್ಟಿಸ್ಟ್ ಮುಂತಾದ ಪ್ರೊಟೆಸ್ಟೆಂಟ್ ಪಂಗಡದವರು ಸೇರುವ ಮನೆ ‘ಕಾಪೆಲ್’. ವೆಲ್ಶ್ ಬೈಬಲ್ ಕೊಟ್ಟವರು ಎಗ್ಲುಯ್ಸಿನ ವಿಲಿಯಂ ಮಾರ್ಗನ್, 1588ರಲ್ಲಿ. ಆದರೆ ಅದನ್ನು ಹಳ್ಳಿಯ ದೊಡ್ಡವರಿಗೂ ಮಕ್ಕಳಿಗೂ ಓದಲು ಕಲಿಸಿದ್ದರಲ್ಲಿ ಕಾಪೆಲಿನ ಭಾನುವಾರದ ಶಾಲೆಗಳ ಪಾಲು ಜಾಸ್ತಿ. 1846ರಲ್ಲಿ ಶಾಲೆಗಳ ಸ್ಥಿತಿ ನೋಡಲು ಬ್ರಿಟಿಷ್ ಸರ್ಕಾರ ಮೂವರನ್ನು ಕಳಿಸಿತು. ಮೂವರಿಗೂ ವೆಲ್ಶ್ ಬರುತ್ತಿರಲಿಲ್ಲ. ಜನ ಹಿಂದುಳಿದಿದ್ದಾರೆ, ಅವರ ನಡತೆ ಸರಿಯಿಲ್ಲ ಎಂದು ವರದಿ ಬರೆದು, ನುಡಿಯನ್ನೂ ಕಾಪೆಲನ್ನೂ ಒಟ್ಟಿಗೆ ದೂರಿದರು. ವರದಿಯ ರಟ್ಟು ನೀಲಿ ಬಣ್ಣದ್ದು, ಹಾಗಾಗಿ ಅದಕ್ಕೆ ಅಲ್ಲಿ ‘ನೀಲಿ ಪುಸ್ತಕಗಳ ದ್ರೋಹ’ ಎಂದೇ ಹೆಸರು. ಒಂದೇ ಏಟು ಎರಡಕ್ಕೂ ಬಿತ್ತು. ಕಾಪೆಲಿನವರು ಅಂದರೆ ವೆಲ್ಶ್ ನುಡಿಯವರು, ನಿಜವಾದ ವೇಲ್ಸಿನವರು ಎಂಬ ಭಾವನೆ ಆಮೇಲೆ ಇನ್ನೂ ಗಟ್ಟಿಯಾಯಿತು. 2021ರಲ್ಲಿ ಶೇ. 46.5 ಜನ ತಮಗೆ ಧರ್ಮವಿಲ್ಲ ಅಂದಿದ್ದಾರೆ. ಆದರೂ ಹಳೆಯ ಬರಹ ಓದುವಾಗ ಕಾಪೆಲ್ ಅಂದರೆ ಏನೆಂದು ತಿಳಿಯಲೇಬೇಕು.

ಎರಡಕ್ಕೂ ‘ಚರ್ಚ್’ ಅಂದರೆ ಕತೆಯೇ ಕೆಟ್ಟುಹೋಗುತ್ತದೆ. ‘ಚಾಪೆಲ್’ ಅಂದರೆ ನಮಗೆ ಆಸ್ಪತ್ರೆಯ, ಹಾಸ್ಟೆಲಿನ ಸಣ್ಣ ಪ್ರಾರ್ಥನೆ ಕೋಣೆ. ಎಗ್ಲುಯ್ಸಿಗೆ ‘ಇಗರ್ಜಿ’ ಇಡೋಣ ಅನಿಸಿತು, ಎರಡರ ಗ್ರೀಕ್ ಬೇರೂ ಒಂದೇ. ಆದರೆ ಕರಾವಳಿಯಲ್ಲಿ ಇಗರ್ಜಿ ಕ್ಯಾಥೊಲಿಕರದು. ಕಾಪೆಲಿಗೆ ‘ಸಭೆ’ ಸರಿಹೋಗಬಹುದೇ? ನಿಮ್ಮ ಕಡೆಯ ಪ್ರೊಟೆಸ್ಟೆಂಟರು ಕಟ್ಟಡಕ್ಕೂ ಸಭೆ ಅನ್ನುತ್ತಾರಾ, ಸೇರಿದ ಜನಕ್ಕೆ ಮಾತ್ರವಾ? ಬಳಕೆ ಗೊತ್ತಿರುವವರು ದಯವಿಟ್ಟು ತಿಳಿಸಿ.