ಮಂಗಳೂರಿಂದ ಬೆಂಗಳೂರಿಗೆ ಲೈವ್ ರಾಕ್ ಸಾಗಿಸೋದು ಹೇಗೆ?

ಪ್ರಶ್ನೆ (ಕದ್ರಿಯಿಂದ)
ಮುಂದಿನ ತಿಂಗಳು ಬೆಂಗಳೂರಿಗೆ ಶಿಫ್ಟ್ ಆಗ್ತಾ ಇದ್ದೇನೆ, ನಾಲ್ಕು ವರ್ಷದ ಉಪ್ಪುನೀರಿನ ಟ್ಯಾಂಕ್ ಉಂಟು, ಅದರಲ್ಲಿ 25 ಕೆಜಿ ಲೈವ್ ರಾಕ್ (ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾ, ಸಣ್ಣ ಜೀವಿಗಳು ಇರುವ ಸಮುದ್ರದ ಕಲ್ಲು). ಶಿರಾಡಿ ಘಾಟಿಯಾಗಿ ಸುಮಾರು 350 ಕಿಮೀ, ಲೋಡ್ ಮಾಡಿ ಇಳಿಸುವಾಗ 12 ಗಂಟೆ ಆಗ್ತದೆ. ನೀರಲ್ಲೇ ಒಯ್ಯುವುದಾ, ಒದ್ದೆ ಪೇಪರಲ್ಲಿ ಸುತ್ತುವುದಾ? ಕಲ್ಲಿನ ಸಂದಿಯಲ್ಲಿ ಒಂದು ಸಣ್ಣ ಬ್ರಿಟಲ್ ಸ್ಟಾರ್ (ನಕ್ಷತ್ರಮೀನಿನ ಹತ್ತಿರದ ಜೀವಿ) ಉಂಟು, ರಾತ್ರಿ ಲೈಟ್ ಆಫ್ ಮಾಡಿದ ಮೇಲೆ ಎರಡು ಕೈ ಮಾತ್ರ ಹೊರಗೆ ಹಾಕ್ತದೆ, ಅದು ಸಾಯ್ಬಾರ್ದು ಮಾರ್ರೆ.

ಉತ್ತರ (ಮಣಿಪಾಲದಿಂದ)
ಪೇಪರೇ ಒಳ್ಳೇದು. ಟ್ಯಾಂಕಿನ ನೀರಲ್ಲೇ ನೆನೆಸಿ, ನಳ್ಳಿ ನೀರು ಬೇಡ. ಮೀನಿಗೆ ಬಳಸುವ ಥರ್ಮೋಕೋಲ್ ಬಾಕ್ಸಲ್ಲಿ ಇಡಿ, ಐಸ್ ಹಾಕ್ಬೇಡಿ. ಗಾಳಿ ಆಡದ ನೀರಲ್ಲಿ ಮುಳುಗಿಸಿಟ್ರೆ ಆಕ್ಸಿಜನ್ ಮುಗಿದು ಬ್ಯಾಕ್ಟೀರಿಯಾನೇ ಸಾಯೋದು.

ಉತ್ತರ (ಸುರತ್ಕಲ್‌ನಿಂದ)
ಆದ್ರೆ ಸ್ಪಂಜ್ (ಕಲ್ಲಿಗೆ ಅಂಟಿ ಬೆಳೆಯುವ ಸಮುದ್ರಜೀವಿ) ಇರುವ ಕಲ್ಲಿಗೆ ಗಾಳಿ ತಾಗಿದ್ರೆ ಸ್ಪಂಜ್ ಹೋಯ್ತು ಅಂತಲೇ ಲೆಕ್ಕ. ಅಂಥ ಎರಡು ಮೂರು ಕಲ್ಲನ್ನು, ಬ್ರಿಟಲ್ ಸ್ಟಾರ್ ಇರುವ ಕಲ್ಲನ್ನೂ, ಮುಚ್ಚಳದ ಬಕೆಟಲ್ಲಿ ನೀರು ಹಾಕಿ ಬ್ಯಾಟರಿ ಏರ್ ಪಂಪ್ ಇಟ್ಟು ಒಯ್ಯಿರಿ. ಘಾಟಿ ತಿರುವಲ್ಲಿ ಕಲ್ಲು ಉರುಳದ ಹಾಗೆ ಸಂದಿಗೆ ಏನಾದ್ರೂ ತುರುಕಿ.

ಉತ್ತರ (ಉಡುಪಿಯಿಂದ)
ತಲುಪಿದ ಮೇಲಿನದ್ದೇ ದೊಡ್ಡ ವಿಷಯ. ನಾನು ಕಲ್ಲು ಇಳಿಸಿದ ದಿನವೇ ಮೀನು ಬಿಟ್ಟು ಎರಡು ಕ್ಲೌನ್ ಮೀನು ಕಳ್ಕೊಂಡೆ, ಇವತ್ತಿಗೂ ಬೇಜಾರು. ದಾರಿಯಲ್ಲಿ ಕಲ್ಲಿನ ಮೇಲೆ ಸತ್ತದ್ದೆಲ್ಲ ಕೊಳೆತು ಅಮೋನಿಯಾ ಏರ್ತದೆ. ಕಲ್ಲು ಮೂಸಿ ನೋಡಿ, ಕೊಳೆತ ವಾಸನೆ ಬಂದ್ರೆ ಬೇರೆ ಟಬ್ಬಲ್ಲಿ ಹೀಟರ್, ಪವರ್‌ಹೆಡ್ (ನೀರು ಓಡಾಡಿಸುವ ಸಣ್ಣ ಪಂಪ್) ಹಾಕಿ ಇಡಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಆಗುವವರೆಗೆ ಮೀನು ಬೇರೆ ಕಡೆ ಇರ್ಲಿ. ಬೆಂಗಳೂರಲ್ಲಿ ರಾತ್ರಿ ಚಳಿ, ಹೀಟರ್ 25–26 ಡಿಗ್ರಿಗೆ ಇಡಿ.

ಪ್ರಶ್ನೆ ಕೇಳಿದವರು
ಹೀಟರ್ ನನ್ನ ಹತ್ರ ಇಲ್ಲವೇ ಇಲ್ಲ, ಇಲ್ಲಿಯ ಸೆಕೆಗೆ ಬೇಕಾಗ್ಲೇ ಇಲ್ಲ. ನಾಳೆಯೇ ತರ್ತೇನೆ.