ಅವ್ವನನ್ನು ಮಣ್ಣು ಮಾಡಿದ ಜಾಗ ಜಾಲಿಯಲ್ಲಿ ಮುಚ್ಚಿಹೋಗಿದೆ, ಹೇಗೆ ಬಿಡಿಸುವುದು?

ಸಿರುಗುಪ್ಪದ ಮಗಳು:

ಎಲ್ಲರಿಗೂ ನಮಸ್ಕಾರ. ನಮ್ಮ ಊರು ಸಿರುಗುಪ್ಪ ತಾಲೂಕಿನಲ್ಲಿದೆ. ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಕೆಲಸ ಮಾಡುತ್ತೇನೆ. ಅವ್ವ ತೀರಿಕೊಂಡು ಹನ್ನೊಂದು ವರ್ಷ ಆಯಿತು. ಮೊದಲ ಎರಡು-ಮೂರು ವರ್ಷ ತಪ್ಪದೆ ಹೋಗುತ್ತಿದ್ದೆ. ಆಮೇಲೆ ಅಣ್ಣ ಬೆಂಗಳೂರಿಗೆ ಹೋದ. ಊರಿನ ಮನೆಗೆ ಬೀಗ ಬಿತ್ತು. ನಾನು ಹೋಗುವುದೂ ಕಮ್ಮಿ ಆಯಿತು.

ಹೋದ ಭಾನುವಾರ ಹೋಗಿದ್ದೆ. ರುದ್ರಭೂಮಿ ಕಾಣಲೇ ಇಲ್ಲ. ರಸ್ತೆಯಿಂದ ಕಾಲುವೆ ತನಕ ಬರೀ ಬಳ್ಳಾರಿ ಜಾಲಿ, ಆಳೆತ್ತರಕ್ಕಿಂತ ಜಾಸ್ತಿ ಬೆಳೆದಿದೆ. ನಾಲ್ಕು ಹೆಜ್ಜೆ ಒಳಗೆ ಹೋಗುವಷ್ಟರಲ್ಲಿ ಮುಳ್ಳು ಚಪ್ಪಲಿ ತೂರಿ ಹಿಮ್ಮಡಿಗೆ ಇಳಿಯಿತು. ಊದಿನಕಡ್ಡಿ, ಸೇವಂತಿಗೆ ಹಾರ ಹಿಡಿದುಕೊಂಡು ಎಷ್ಟೋ ಹೊತ್ತು ನಿಂತಿದ್ದೆ. ಕೊನೆಗೆ ಅಂಚಿನಲ್ಲಿದ್ದ ಒಂದು ಜಾಲಿ ಗಿಡಕ್ಕೇ ಹಾರ ಹಾಕಿ ವಾಪಸ್ ಬಂದೆ. ಅವತ್ತು ರಾತ್ರಿ ಊಟ ಸೇರಲಿಲ್ಲ.

ಅವ್ವನಿಗೆ ಕಟ್ಟೆ ಕಟ್ಟಿಸಿಲ್ಲ. ಆಗ ಕೈಯಲ್ಲಿ ದುಡ್ಡಿರಲಿಲ್ಲ. ಗುರುತಿಗೆ ಅಂತ ಅವಳದೇ ಬೀಸುವ ಕಲ್ಲಿನ ಮೇಲಿನ ಹೋಳು ಇಟ್ಟಿದ್ದೆವು. ಜೋಳ ಬೀಸಿ ಬೀಸಿ ಅದು ಒಂದು ಕಡೆ ತೆಳ್ಳಗಾಗಿತ್ತು. ದೊಡ್ಡ ಬೇವಿನ ಮರದಿಂದ ಕಾಲುವೆ ಕಡೆಗೆ ಹನ್ನೆರಡು ಹೆಜ್ಜೆ ಅಂತ ಅಣ್ಣ ಅವತ್ತೇ ಎಣಿಸಿ ಇಟ್ಟುಕೊಂಡಿದ್ದ. ಬೇವಿನ ಮರ ಈಗಲೂ ಇದೆ, ಅದೊಂದೇ ಸಮಾಧಾನ.

ಮಹಾಲಯ ಅಮಾವಾಸ್ಯೆ ಒಳಗೆ ಅಲ್ಲಿ ತನಕ ದಾರಿಯಾದರೂ ಆಗಬೇಕು. ಜೆಸಿಬಿ ತರಿಸಿದರೆ ಒಂದೇ ದಿನದ ಕೆಲಸ ಅಂತಾರೆ. ಆದರೆ ಅಕ್ಕಪಕ್ಕ ಬೇರೆಯವರ ಹಿರಿಯರೂ ಇದ್ದಾರೆ ಅಲ್ವಾ? ನಮಗೆ ನಾವೇ ಕೈ ಹಾಕಬಹುದಾ, ಯಾರನ್ನಾದರೂ ಕೇಳಬೇಕಾ? ಪಂಚಾಯಿತಿಯಲ್ಲಿ ಒಮ್ಮೆ ಬಾಯಿಮಾತಲ್ಲಿ ಕೇಳಿದ್ದೆ. "ನೋಡೋಣಮ್ಮ" ಅಂದರು, ಅಷ್ಟೇ.

ಮಾನ್ವಿಯವನು:

ಅಕ್ಕಾ, ಜೆಸಿಬಿ ಮಾತ್ರ ಬೇಡ. ನಮ್ಮ ಖಬರಸ್ತಾನಕ್ಕೆ ಒಂದು ಸಲ ತರಿಸಿ ಈಗಲೂ ಸಂಕಟಪಡುತ್ತಿದ್ದೇವೆ. ಬೇರು ಎಳೆದರೆ ಬೇರಿನ ಜೊತೆ ಗೋರಿಯ ಕಲ್ಲುಗಳೂ ಎದ್ದು ಬಂದವು. ಯಾವ ಕಲ್ಲು ಯಾರದು ಅಂತ ಹೇಳಲು ನಡೆಯಲಾಗದ ಒಬ್ಬ ಅಜ್ಜನನ್ನು ಕುರ್ಚಿ ಸಮೇತ ಎತ್ತಿಕೊಂಡು ಬರಬೇಕಾಯಿತು. ಅವರಿಗೂ ಎರಡು ಕಲ್ಲಿನ ಗುರುತು ಸಿಗಲಿಲ್ಲ.

ಜಾಲಿ ವಿಷಯ ಹೇಳುತ್ತೇನೆ ಕೇಳಿ. ಇದ್ದಿಲು ಸುಡುವವರು ಪುಕ್ಕಟೆ ಕಡಿದುಕೊಂಡು ಹೋಗುತ್ತಾರೆ. ಆದರೆ ಅವರಿಗೆ ಬೇಕಾಗಿದ್ದು ಕಟ್ಟಿಗೆ ಮಾತ್ರ, ಬುಡ ಹಾಗೇ ಬಿಡುತ್ತಾರೆ. ಎರಡು ಮಳೆ ಬಿದ್ದರೆ ಒಂದು ಬುಡಕ್ಕೆ ಹತ್ತು ಚಿಗುರು. ಚಿಗುರು ಒಡೆಯುವ ಗಂಟು ಮಣ್ಣಿನ ಕೆಳಗೆ ಇರುತ್ತದೆ. ಬುಡದ ಸುತ್ತ ಒಂದು ಅಡಿ ಅಗೆದು, ಗಂಟಿನ ಕೆಳಗೆ ಕೊಡಲಿ ಹಾಕಬೇಕು. ಅದರ ಕೆಳಗಿನ ತಾಯಿಬೇರು ಉಳಿದರೂ ಚಿಂತೆಯಿಲ್ಲ, ಮತ್ತೆ ಚಿಗುರುವುದಿಲ್ಲ. ಸಮಾಧಿಗೆ ಅಂಟಿಕೊಂಡ ಗಿಡಕ್ಕೆ ಮಾತ್ರ ಅಗೆಯಬೇಡಿ. ನೆಲಮಟ್ಟಕ್ಕೆ ಕೊಯ್ದು, ಬಂದ ಚಿಗುರನ್ನು ಎಳಸಾಗಿರುವಾಗಲೇ ಮುರಿಯುತ್ತಾ ಇರಿ. ತಿಂಗಳಿಗೊಮ್ಮೆ ಆದರೂ ಯಾರಾದರೂ ಹೋಗಬೇಕು.

ಮಳೆ ಬಂದು ಎರಡು ದಿನ ಬಿಟ್ಟು ಕೆಲಸ ಹಿಡಿಯಿರಿ. ಬೇಸಿಗೆಯಲ್ಲಿ ಎರೆ ಮಣ್ಣಿಗೆ ಗುದ್ದಲಿ ಇಳಿಯುವುದಿಲ್ಲ, ಬಿರುಕಿನಲ್ಲಿ ಹಾವು ಬೇರೆ. ಇನ್ನೊಂದು ಮಾತು. ಕುರಿ, ಮೇಕೆ ಜಾಲಿಕಾಯಿ ತಿಂದು ಹಿಕ್ಕೆ ಹಾಕಿದಲ್ಲೆಲ್ಲ ಹೊಸ ಗಿಡ ಏಳುತ್ತದೆ. ಬೇಲಿ ಇಲ್ಲದಿದ್ದರೆ ಎಷ್ಟು ಕಡಿದರೂ ಅಷ್ಟೇ. ನಾವು ಪ್ರತಿ ವರ್ಷ ಶಬೇ ಬರಾತ್‌ಗೆ ಮುಂಚೆ ಓಣಿಯವರೆಲ್ಲ ಸೇರಿ ಸ್ವಚ್ಛ ಮಾಡುತ್ತೇವೆ. ಹಬ್ಬ ಇರುವುದರಿಂದ ಆ ಕೆಲಸ ಉಳಿದುಕೊಂಡಿದೆ.

ಬಳ್ಳಾರಿ ಕೋಟೆ ಓಣಿ:

ಆ ಹಾರದ ಮಾತು ಓದಿ ಮನಸ್ಸು ಭಾರವಾಯಿತು ತಂಗಿ. ನಾವು ಕ್ರೈಸ್ತರು ನವೆಂಬರ್ 2ರಂದು, ಸತ್ತವರ ಹಬ್ಬದ ದಿನ, ಗೋರಿಗಳಿಗೆ ಮೇಣದಬತ್ತಿ ಹಚ್ಚುತ್ತೇವೆ. ಅದಕ್ಕೆ ವಾರ ಮುಂಚೆ ತೊಳೆಯುವ ಕೆಲಸ.

ಕಲ್ಲು ಸಿಕ್ಕಿದ ಮೇಲೆ ಒಂದು ಎಚ್ಚರ ಇರಲಿ. ಆಸಿಡ್ ಹಾಕಬೇಡಿ, ತಂತಿ ಬ್ರಷ್ ಹಾಕಬೇಡಿ. ನನ್ನ ಅತ್ತೆಯ ಕಲ್ಲಿಗೆ ಕೂಲಿಯವನೊಬ್ಬ ಬಾತ್‌ರೂಮ್ ತೊಳೆಯುವ ಆಸಿಡ್ ಹಾಕಿಬಿಟ್ಟ. ಅವತ್ತು ಫಳಫಳ ಹೊಳೆಯಿತು. ಎರಡು ವರ್ಷಕ್ಕೆ ಅಕ್ಷರ ಪುಡಿಪುಡಿಯಾಗಿ ಉದುರಿತು. ಬರೀ ನೀರು, ತೆಂಗಿನ ನಾರು ಸಾಕು. ನಮ್ಮಲ್ಲಿ ಇಟ್ಟಿಗೆ-ಗಾರೆಯ ಹಳೆ ಗೋರಿಗಳಿವೆ. ಅವುಗಳ ಬಿರುಕಿಗೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಹೊರಗೆ ಬರಲಾಗದೆ ಇಟ್ಟಿಗೆಯೇ ಕರಗುತ್ತದೆ. ಸುಣ್ಣದ ಗಾರೆಯಲ್ಲೇ ಮುಚ್ಚಬೇಕು. ಆ ಕೆಲಸ ಬಲ್ಲ ಗೌಂಡಿಗಳು ಈಗ ಸಿಗುವುದು ಕಷ್ಟ.

ಗಂಗಾವತಿ ಮೇಷ್ಟ್ರು:

ಅಮ್ಮಾ, ಬಾಯಿಮಾತಲ್ಲಿ ಕೇಳಬೇಡಿ. ಊರಿನ ಸ್ಮಶಾನ ನೋಡಿಕೊಳ್ಳುವುದು ಗ್ರಾಮ ಪಂಚಾಯಿತಿಯ ಕೆಲಸವೇ. ಪಿಡಿಒ ಅವರಿಗೆ ಅರ್ಜಿ ಬರೆದು ಕೊಡಿ, ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಅದರ ಜೊತೆ ಆ ಸರ್ವೆ ನಂಬರಿನ ಪಹಣಿ ತೆಗೆಸಿ ನೋಡಿ. ಜಾಲಿ ಬೆಳೆದ ಕಡೆ ಒತ್ತುವರಿಯೂ ಆಗಿರುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಅನುಮಾನ ಬಂದರೆ ಹದ್ದುಬಸ್ತಿಗೆ, ಅಂದರೆ ಸರ್ವೆಯವರಿಂದ ಗಡಿ ಅಳೆಸಿ ಗುರುತು ಹಾಕಿಸಲು, ಅರ್ಜಿ ಹಾಕಿಸಿ. ಗಡಿ ಗೊತ್ತಾಗದೆ ಬೇಲಿ ಹಾಕಲು ಆಗುವುದಿಲ್ಲ.

ಕೂರಿಸಿ ಮಣ್ಣು ಮಾಡಿದ್ದರೆ ಜಾಗ ಉದ್ದಕ್ಕೆ ಇರುವುದಿಲ್ಲ, ಚೌಕವಾಗಿ ತಗ್ಗಿರುತ್ತದೆ. ಹುಡುಕುವಾಗ ಅದು ನೆನಪಿರಲಿ.

ಈಗ ದುಡ್ಡಿದೆ ಅಂತ ದೊಡ್ಡ ಗ್ರಾನೈಟ್ ಕಟ್ಟೆ ಕಟ್ಟಿಸಲು ಅವಸರ ಮಾಡಬೇಡಿ. ನಮ್ಮ ಹಿರೇಬೆಣಕಲ್ ಗುಡ್ಡಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುತ್ತಿರುತ್ತೇನೆ. ಎರಡು ಸಾವಿರ ವರ್ಷಕ್ಕಿಂತ ಹಳೆಯ ಶಿಲಾ ಸಮಾಧಿಗಳು, ಸುಮಾರು 400 ಇವೆ. ಜನ ಮೋರೇರ ಮನೆ ಅನ್ನುತ್ತಾರೆ. ದೊಡ್ಡ ದೊಡ್ಡ ಚಪ್ಪಡಿ ನಿಲ್ಲಿಸಿ, ಒಂದರಲ್ಲಿ ದುಂಡಗೆ ಕಿಂಡಿ ಕೊರೆದಿದ್ದಾರೆ. 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ಅಷ್ಟು ಕಾಲ ನಿಂತಿರುವುದಕ್ಕೆ ಒಂದು ಕಾರಣ, ಕೆಳಗೆ ಬಂಡೆ ಇದೆ. ನಿಮ್ಮದು ಎರೆ ನೆಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಭಾರದ ಕಟ್ಟೆ ನಾಲ್ಕೇ ವರ್ಷಕ್ಕೆ ವಾಲುತ್ತದೆ. ಕಟ್ಟಿಸುವುದೇ ಆದರೆ ಸುತ್ತಲೂ ಎರಡು ಅಡಿ ಎರೆ ತೆಗೆಸಿ ಗರಸು ತುಂಬಿಸಿ, ಅದು ಕೂತ ಮೇಲೆ ಕಟ್ಟಿಸಿ.

ಸಿರುಗುಪ್ಪದ ಮಗಳು:

ಎಲ್ಲರಿಗೂ ಕೈ ಮುಗಿಯುತ್ತೇನೆ. ಅವ್ವ ಸಿಕ್ಕಳು.

ಅರ್ಜಿ ಕೊಟ್ಟು ಸೀಲು ಹಾಕಿಸಿಕೊಂಡೆ. ಅಣ್ಣ ಬೆಂಗಳೂರಿಂದ ಬಂದ. ಊರಿನ ಮೂರು ಮನೆಯವರು ತಾವೇ ಕೊಡಲಿ ತಂದರು, ಅವರ ಹಿರಿಯರೂ ಒಳಗೆ ಸಿಕ್ಕಿಕೊಂಡಿದ್ದರು. ಎರಡು ದಿನ ಕಡಿದೆವು. ಬೇವಿನ ಮರದಿಂದ ಹನ್ನೆರಡು ಹೆಜ್ಜೆಗೆ ಏನೂ ಸಿಗಲಿಲ್ಲ. ಅಣ್ಣನಿಗೆ ಕಣ್ಣಲ್ಲಿ ನೀರು ಬಂತು. ಆಮೇಲೆ ಮೇಷ್ಟ್ರು ಹೇಳಿದ ಹಾಗೆ ಚೌಕ ತಗ್ಗು ಹುಡುಕಿದೆವು. ಹದಿನೈದನೇ ಹೆಜ್ಜೆಯಲ್ಲಿ ಇತ್ತು. ಮಣ್ಣು ಕೈಯಲ್ಲೇ ಸರಿಸಿದೆ. ಬೀಸುವ ಕಲ್ಲು ಮುಕ್ಕಾಲು ಭಾಗ ಇಳಿದುಹೋಗಿತ್ತು. ಕಾಳು ಹಾಕುವ ತೂತಿನ ಒಳಗಿಂದಲೇ ಒಂದು ಜಾಲಿ ಹುಟ್ಟಿ, ತೂತು ತುಂಬ ದಪ್ಪವಾಗಿ ಕಲ್ಲನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಅವ್ವ ಮುಷ್ಟಿ ಮುಷ್ಟಿ ಜೋಳ ಬಿಡುತ್ತಿದ್ದ ತೂತು ಅದು.

ಎಳೆದರೆ ಕಲ್ಲು ಸೀಳುತ್ತದೆ ಅಂತ ಮುಟ್ಟಲಿಲ್ಲ. ಕಲ್ಲಿನ ಮೇಲೆ, ಕೆಳಗೆ ಎರಡೂ ಕಡೆ ಸಣ್ಣ ಗರಗಸದಲ್ಲಿ ಕೊಯ್ದೆವು. ತೂತಿನ ಒಳಗಿನ ತುಂಡು ಹಾಗೇ ಇದೆ, ಒಣಗಿ ಸಡಿಲವಾದ ಮೇಲೆ ಬರುತ್ತದೆ ಅಂತ ಬಡಿಗೇರರು ಹೇಳಿದರು. ಕಟ್ಟೆ ಸದ್ಯಕ್ಕೆ ಬೇಡ ಅಂತ ಅಣ್ಣನೂ ಒಪ್ಪಿದ. ಕಲ್ಲು ತೊಳೆದು, ಸುತ್ತ ಗರಸು ಹಾಕಿ, ಅದೇ ಜಾಗದಲ್ಲಿ ಮೇಲೆತ್ತಿ ಇಟ್ಟೆವು. ಅಮಾವಾಸ್ಯೆ ದಿನ ಎಡೆ ಹಿಡಿದುಕೊಂಡು ಹೋಗುತ್ತೇವೆ, ಗುದ್ದಲಿಯನ್ನೂ ಒಯ್ಯುತ್ತೇವೆ. ಚಿಗುರು ಮುರಿಯುವುದಕ್ಕೆ ನಾಲ್ಕು ಮನೆಯವರು ತಿಂಗಳ ಪಾಳಿ ಹಚ್ಚಿಕೊಂಡಿದ್ದೇವೆ, ಮೊದಲ ತಿಂಗಳು ನಮ್ಮದು.

ಮಾನ್ವಿ ತಮ್ಮಾ, ಬೇಲಿಗೆ ಮುಳ್ಳುತಂತಿ ಹಾಕಿದ್ದೀರಾ, ಇಲ್ಲ ಕಲ್ಲುಕಂಬ ನೆಟ್ಟಿದ್ದೀರಾ? ಎರೆ ನೆಲದಲ್ಲಿ ಕಂಬ ಎಷ್ಟು ಆಳ ಇಳಿಸಬೇಕು ಅಂತ ಹೇಳಿ.