ಪೇಸ್ಟಲ್‌ನಲ್ಲಿ ಮರಳುಗಾಡು: ದಿಬ್ಬಗಳೆಲ್ಲ ಚಪ್ಪಟೆ ಯಾಕೆ?

ಪ್ರಶ್ನೆ (ಮರಳಗೆರೆ):
ಇಷ್ಟು ದಿನ ಫೋಟೊ ನೋಡಿಕೊಂಡು ಬಿಡಿಸುತ್ತಿದ್ದೆ, ಈಗ ಮರಳುಗಾಡಿನಲ್ಲೇ ಕೂತು ಬಿಡಿಸೋಣ ಅಂತ ಹೊರಟಿದ್ದೇನೆ. ಬಣ್ಣದ ಕಡ್ಡಿಗಳಲ್ಲಿ ಸಾಫ್ಟ್ ಪೇಸ್ಟಲ್ ಒಯ್ಯಲಾ, ಆಯಿಲ್ ಪೇಸ್ಟಲ್ಲಾ? ಇನ್ನೊಂದು, ನನ್ನ ದಿಬ್ಬಗಳು ಯಾವಾಗಲೂ ಗೋಡೆಗೆ ಹಳದಿ ಬಳಿದ ಹಾಗೆ ಚಪ್ಪಟೆಯಾಗಿರುತ್ತವೆ. ಹಳದಿ, ಕಂದು ಕಡ್ಡಿಗಳನ್ನೇ ಇನ್ನಷ್ಟು ತಗೊಂಡರೆ ಸರಿಹೋಗುತ್ತಾ?

ನೀಲಿಕಡ್ಡಿ:
ಹಳದಿ ಸಾಕು ಮಾರಾಯ್ರೇ. ನಿಮಗೆ ಬೇಕಿರುವುದು ನೆರಳಿನ ಬಣ್ಣ. ಬಿಸಿಲು ತಾಗದ ಕಡೆಗೂ ನೀಲಿ ಆಕಾಶದ ಬೆಳಕು ಬೀಳುತ್ತಲೇ ಇರುತ್ತದೆ, ಅದಕ್ಕೇ ಅಲ್ಲಿ ಮರಳು ಬೂದು ನೇರಳೆ ಕಾಣುತ್ತದೆ. ಅದೇ ನೆರಳಿನ ಬುಡದಲ್ಲಿ ನೋಡಿ, ಎದುರಿನ ಬಿಸಿಲು ಮರಳಿನಿಂದ ಬೆಳಕು ಪುಟಿದು ಚೂರು ಕೆಂಪಗಿರುತ್ತದೆ. ಆಕಾರವೂ ಮುಖ್ಯ. ಗಾಳಿ ಬೀಸುವ ಬದಿ ನಿಧಾನವಾಗಿ ಏರುತ್ತದೆ, ಆಚೆ ಬದಿ ಮರಳು ಜಾರಿ ಸುಮಾರು 30ರಿಂದ 34 ಡಿಗ್ರಿಗೆ ನಿಲ್ಲುತ್ತದೆ. ಅದಕ್ಕಿಂತ ಕಡಿದಾಗಿ ಬಿಡಿಸಿದರೆ ಅದು ಮರಳಲ್ಲ, ಬಂಡೆ! ನೆತ್ತಿಯ ಗೆರೆ ಬಿಸಿಲು ನೆರಳು ಸೇರುವಲ್ಲಿ ಖಡಕ್ಕಾಗಿರಲಿ, ದಿಬ್ಬ ದುಂಡಗೆ ತಿರುಗುವಲ್ಲಿ ಬೆರಳಿನಿಂದ ಒಮ್ಮೆ ಸವರಿ ಬಿಡಿ.

ಪುಡಿಗೈ:
ಸಾಫ್ಟ್ ಪೇಸ್ಟಲ್ಲೇ ಒಯ್ಯಿರಿ. ಆಯಿಲ್ ಪೇಸ್ಟಲ್‌ನಲ್ಲಿ ಎಣ್ಣೆ, ಮೇಣ ಇರುತ್ತದೆ, ಬಿಸಿಲಿಗೆ ಮೆತ್ತಗಾಗಿ ಕೈಗೆಲ್ಲ ಅಂಟುತ್ತದೆ. ಸಾಫ್ಟ್ ಪೇಸ್ಟಲ್ ಅಂದರೆ ಬಣ್ಣದ ಪುಡಿ, ಜೊತೆಗೆ ಚೂರೇ ಚೂರು ಅಂಟು, ಅದಕ್ಕೆ ಬಿಸಿಲಿನ ಭಯ ಇಲ್ಲ. ಗಾಳಿಯದೇ ಕಾಟ. ಬೋರ್ಡ್ ನಿಲ್ಲಿಸುವ ಈಸಲ್ ಸ್ಟ್ಯಾಂಡ್ ಬೀಳದ ಹಾಗೆ ಅದರ ನಡುವೆ ಒಂದು ಚೀಲ ಕಟ್ಟಿ ಮರಳು ತುಂಬಿ. ಬೋರ್ಡ್ ಸ್ವಲ್ಪ ಮುಂದಕ್ಕೆ ಬಾಗಿರಲಿ, ಪುಡಿ ಚಿತ್ರದ ಮೇಲೆ ಜಾರದೆ ನೆಲಕ್ಕೆ ಉದುರುತ್ತದೆ. ಬಾಯಿಂದ ಊದಲೇಬೇಡಿ. ಕೆಲವು ಹಳದಿ, ಕೆಂಪು ಕಡ್ಡಿಗಳಲ್ಲಿ ಕ್ಯಾಡ್ಮಿಯಂ ಅನ್ನುವ ವಿಷದ ಲೋಹ ಇರುತ್ತದೆ, ಆ ಪುಡಿ ಉಸಿರಿನ ಜೊತೆ ಒಳಗೆ ಹೋಗಬಾರದು. ಮರಳಿನ ಕಣ ಕಾಗದದ ಮೇಲೆ ಕೂತರೆ ಉಜ್ಜಬೇಡಿ, ಗೀರು ಬೀಳುತ್ತದೆ, ಬೋರ್ಡಿನ ಹಿಂದೆ ತಟ್ಟಿ. ಬಿಳಿ ಕಾಗದ ಆ ಬಿಸಿಲಲ್ಲಿ ಕಣ್ಣು ಕುಕ್ಕುತ್ತದೆ, ಮಧ್ಯಮ ಛಾಯೆಯದು ಆರಿಸಿಕೊಳ್ಳಿ.

ಸಂಜೆಬಿಸಿಲು:
ನೀಲಿಕಡ್ಡಿ ಹೇಳಿದ್ದು ಸರಿ, ಆದರೆ ನೋಡದೆಯೇ ಎಲ್ಲ ನೆರಳಿಗೂ ನೇರಳೆ ಬಳಿಯುವುದು ಈಗ ಚಾಳಿ ಆಗಿಬಿಟ್ಟಿದೆ. ದೂಳು ಎದ್ದ ದಿನ ಆಕಾಶವೇ ಮಾಸಲು ಹಳದಿ, ಆವತ್ತು ನೆರಳಲ್ಲಿ ನೀಲಿ ಎಲ್ಲಿಂದ ಬರಬೇಕು? ದೂಳಿಲ್ಲದ ದಿನ ಒಣ ಗಾಳಿಯಲ್ಲಿ ದೂರದ ಬೆಟ್ಟವೂ ಹತ್ತಿರ ಕಾಣುತ್ತದೆ, ದೂರ ಅಲ್ವಾ ಅಂತ ಸುಮ್ನೆ ಮಂಕು ಮಾಡಬೇಡಿ. ಮಧ್ಯಾಹ್ನ ಕೂರಲೇಬೇಡಿ, ದಿಬ್ಬದ ಮೇಲೆ ನೆರಳೇ ಇರುವುದಿಲ್ಲ. ಬೆಳಿಗ್ಗೆ ಕೂತ ತಕ್ಷಣ ನೆರಳಿನ ಆಕಾರ ಗುರುತು ಮಾಡಿ, ಆಮೇಲೆ ಅದು ಎಷ್ಟೇ ಸರಿದರೂ ಅದರ ಬೆನ್ನು ಹತ್ತಬೇಡಿ. ಕಾಗದದ ಮೇಲೆ ನೇರ ಬಿಸಿಲು ಬಿದ್ದರೆ ಬಣ್ಣವೆಲ್ಲ ತಿಳಿಯಾಗಿ ಕಾಣುತ್ತದೆ, ನೀವು ಗಾಢ ಬಣ್ಣ ಜಾಸ್ತಿ ಹಾಕುತ್ತೀರಿ, ಮನೆಯೊಳಗೆ ನೋಡಿದರೆ ಚಿತ್ರ ಕಪ್ಪು. ಕೊಡೆ ಹಿಡಿದರೂ ಬಣ್ಣದ ಕೊಡೆ ಬೇಡ.

ಮರಳಗೆರೆ:
ಪುಡಿ ಉದುರದ ಹಾಗೆ ಚಿತ್ರದ ಮೇಲೆ ಫಿಕ್ಸೆಟಿವ್ ಸ್ಪ್ರೇ ಹೊಡೆದು ತರಬಹುದಾ?

ಪುಡಿಗೈ:
ಬೇಡ. ತಿಳಿ ಬಣ್ಣ ಮಂಕಾಗುತ್ತದೆ, ಬಿಸಿಲು ಮರಳಿಗೆ ಇರುವುದೇ ತಿಳಿ ಬಣ್ಣ. ಚಿತ್ರದ ಮೇಲೆ ಗ್ಲಾಸಿನ್ ಅನ್ನುವ ತೆಳು ನುಣುಪು ಕಾಗದ ಮುಚ್ಚಿ, ಎರಡು ರಟ್ಟಿನ ನಡುವೆ ಅಲುಗಾಡದಂತೆ ಟೇಪ್ ಸುತ್ತಿ ತನ್ನಿ. ವಿಮಾನದಲ್ಲಾದರೆ ಆ ಸ್ಪ್ರೇ ಡಬ್ಬಿ ಒಯ್ಯಲೂ ಬಿಡುವುದಿಲ್ಲ.